ಓಡುತ್ತಾ ನಿಲ್ಲುವ ಬೈಕ್, ಎಳೆಯದ ಬೈಕ್: ಕಿರಿಯರ ರೇಸ್ ತಂಡಕ್ಕೆ ದೋಷ ನಿವಾರಣೆ ಕೈಪಿಡಿ

ಮೈಸೂರಿನ ಹೊರವಲಯದ ಮಣ್ಣಿನ ಟ್ರ್ಯಾಕ್‌ನಲ್ಲಿ ಶನಿವಾರ ಮತ್ತು ಭಾನುವಾರ ನಡೆದ ಸ್ಪರ್ಧೆಯಲ್ಲಿ ನಮ್ಮ ಕಿರಿಯರ ತಂಡದ ಎರಡು ಬೈಕ್‌ಗಳೂ ಕೈಕೊಟ್ಟವು. ಕೆಂಪು ಬೈಕ್ ಶನಿವಾರ ಬೆಳಗ್ಗೆ ಸ್ಟಾರ್ಟ್ ಆಗಲೇ ಇಲ್ಲ. ಆದ ಮೇಲೆ ನಡುವೆ ನಿಲ್ಲತೊಡಗಿತು. ನೀಲಿ ಬೈಕ್ ಎಲ್ಲಿಯೂ ನಿಲ್ಲಲಿಲ್ಲ, ಆದರೆ ಸುತ್ತು ಕಳೆದಂತೆಲ್ಲ ಪಿಕಪ್ ಕಳೆದುಕೊಂಡಿತು. ಆ ದೋಷಗಳನ್ನು ಹೇಗೆ ಹುಡುಕಿದೆವು ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಮಂಡ್ಯ, ಮದ್ದೂರು, ಮೈಸೂರು ಕಡೆ ಮನೆಯ ಹಿಂದಿನ ಶೆಡ್ಡಿನಲ್ಲೇ ಬೈಕ್ ಸಿದ್ಧಪಡಿಸಿ, ಮಿನಿ ಟ್ರಕ್‌ಗೆ ಹೇರಿಕೊಂಡು, ಮಕ್ಕಳನ್ನು ಟ್ರ್ಯಾಕ್‌ಗೆ ಕರೆದೊಯ್ಯುವ ಪಾಲಕರೂ ಮೆಕ್ಯಾನಿಕ್‌ಗಳೂ ಇದ್ದಾರೆ. ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು.

ಎರಡೂ ಒಂದೇ ಮಾದರಿಯ ಬೈಕ್‌ಗಳು. ಗಾಳಿಯಿಂದ ತಣಿಯುವ, ಕಾರ್ಬ್ಯುರೇಟರ್ ಇರುವ, ಒಂಟಿ ಸಿಲಿಂಡರಿನ ನಾಲ್ಕು ಸ್ಟ್ರೋಕ್ ಎಂಜಿನ್. ರಸ್ತೆಗೆಂದು ಮಾರಾಟವಾದ ಬೈಕ್‌ಗಳಿಂದ ಹೆಡ್‌ಲೈಟ್, ಇಂಡಿಕೇಟರ್, ಕನ್ನಡಿ, ಸೈಡ್ ಸ್ಟ್ಯಾಂಡ್ ಎಲ್ಲವನ್ನೂ ಕಳಚಿ ಮಣ್ಣಿಗೆ ಹೊಂದುವ ಟೈರ್ ಹಾಕಲಾಗಿದೆ. ಫ್ಯುಯೆಲ್ ಇಂಜೆಕ್ಷನ್ ಇರುವ ಬೈಕ್‌ಗಳಿಗೆ ಕಾರ್ಬ್ಯುರೇಟರಿನ ಮಾತು ಅನ್ವಯಿಸುವುದಿಲ್ಲ, ಉಳಿದದ್ದು ಅನ್ವಯಿಸುತ್ತದೆ. ಅಳತೆಗಳ ವಿಷಯದಲ್ಲಿ ನಿಮ್ಮ ಬೈಕಿನ ಸರ್ವೀಸ್ ಕೈಪಿಡಿ ಹೇಳಿದ್ದೇ ಅಂತಿಮ.

ಸ್ಪ್ಯಾನರ್ ಹಿಡಿಯುವ ಮೊದಲು

ಕಿರಿಯರ ತಂಡದಲ್ಲಿ ದೋಷ ಹುಡುಕುವುದು ದೊಡ್ಡವರ ತಂಡದಲ್ಲಿ ಹುಡುಕಿದಂತಲ್ಲ. ದೊಡ್ಡ ಸವಾರ ಬೈಕಿನಿಂದ ಇಳಿಯುತ್ತಲೇ ಎಲ್ಲಿ, ಯಾವಾಗ, ಏನಾಯಿತು ಎಂದು ತಾನೇ ಹೇಳುತ್ತಾನೆ. ಹದಿಮೂರರ ಹುಡುಗ ಹೆಲ್ಮೆಟ್ ತೆಗೆದು "ಬೈಕ್ ಸರಿ ಇಲ್ಲ ಅಂಕಲ್" ಎನ್ನುತ್ತಾನೆ, ಅಥವಾ ಏನನ್ನೂ ಹೇಳುವುದಿಲ್ಲ. ತಾನೇ ಗೇರ್ ತಪ್ಪಿಸಿದೆನೇನೋ, ಬೈಯುತ್ತಾರೇನೋ ಎಂಬ ಅಳುಕು ಅವನಿಗೆ. ಅಪ್ಪ ಪಕ್ಕದಲ್ಲಿ ನಿಂತಿದ್ದರೆ ಆ ಅಳುಕು ಇನ್ನೂ ಹೆಚ್ಚು. "ಏನು ಮಾಡಿದೆ?" ಎಂಬ ಪ್ರಶ್ನೆಯನ್ನು ಬಿಟ್ಟುಬಿಡಿ. ಆ ಪ್ರಶ್ನೆ ಕೇಳಿದ ಕ್ಷಣದಿಂದ ಮಗು ತನ್ನನ್ನು ಕಾಪಾಡಿಕೊಳ್ಳುವ ಉತ್ತರಗಳನ್ನೇ ಕೊಡುತ್ತದೆ. ಬೈಕಿನ ಸುದ್ದಿ ಅಲ್ಲಿಗೇ ನಿಂತುಹೋಗುತ್ತದೆ.

ಕೇಳಬೇಕಾದದ್ದು ಬೈಕಿನ ಬಗ್ಗೆ. ನಿಂತಾಗ ಎಲ್ಲಿದ್ದೆ, ನೇರ ದಾರಿಯಲ್ಲೋ ತಿರುವಿನಲ್ಲೋ, ಎಡ ತಿರುವೋ ಬಲ ತಿರುವೋ? ಆಕ್ಸಿಲರೇಟರ್ ಪೂರ್ತಿ ತಿರುವಿದ್ದೆಯಾ, ಬಿಟ್ಟಿದ್ದೆಯಾ? ಒಮ್ಮೆಗೇ ಆರಿತೋ, ಸೋತು ಸೋತು ನಿಂತಿತೋ? ಮತ್ತೆ ಸ್ಟಾರ್ಟ್ ಮಾಡಿದಾಗ ಕೂಡಲೇ ಹತ್ತಿತೋ, ಸ್ವಲ್ಪ ಹೊತ್ತು ಕಾಯಬೇಕಾಯಿತೋ? ಮಗು ಕೊಟ್ಟ ಉತ್ತರವನ್ನು ಅದೇ ಪದಗಳಲ್ಲಿ ಬರೆದುಕೊಳ್ಳಿ. "ಕೆಮ್ಮಿತು" ಎಂದರೆ "ಮಿಸ್ಸಿಂಗ್" ಎಂದು ತಿದ್ದಿ ಬರೆಯಬೇಡಿ. ಟ್ರ್ಯಾಕ್‌ನ ನಕ್ಷೆಯೊಂದನ್ನು ಕಾಗದದ ಮೇಲೆ ಗೀಚಿ ಪೆನ್ನು ಮಗುವಿನ ಕೈಗೆ ಕೊಟ್ಟರೆ ಇನ್ನೂ ಒಳ್ಳೆಯದು. ಬಾಯಲ್ಲಿ ಹೇಳಲಾಗದ್ದನ್ನು ಅವರು ಗುರುತು ಹಾಕಿ ತೋರಿಸುತ್ತಾರೆ. ನಮ್ಮ ಎರಡೂ ಬೈಕ್‌ಗಳ ದೋಷ ಸಿಕ್ಕಿದ್ದು ಈ ಉತ್ತರಗಳಿಂದಲೇ. ಪರೀಕ್ಷೆಗಳು ಅದನ್ನು ಖಚಿತಪಡಿಸಿದವು, ಅಷ್ಟೆ.

ಯಾವ ದೂರಿನೊಂದಿಗೆ ಬೈಕ್ ಬಂದರೂ ಮೊದಲು ಆಕ್ಸಿಲರೇಟರ್ ಪರೀಕ್ಷಿಸಿ. ಎಂಜಿನ್ ಆರಿಸಿ, ಹ್ಯಾಂಡಲ್ ಅನ್ನು ನೇರವಾಗಿ, ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ಇಟ್ಟು ಪ್ರತಿ ಸಲವೂ ತಿರುವಿ ಬಿಡಿ. ಮೂರು ಸ್ಥಿತಿಯಲ್ಲೂ ಅದು ತಟ್ಟನೆ ಮುಚ್ಚಿಕೊಳ್ಳಬೇಕು. ಧೂಳು ಹೊಕ್ಕ ಕೇಬಲ್ ನಿಧಾನವಾಗಿ ಮರಳುತ್ತಿದ್ದರೆ ಬೇರೆ ಎಲ್ಲ ಕೆಲಸ ಬದಿಗಿಟ್ಟು ಅದನ್ನು ಸರಿಪಡಿಸಿ. ಎರಡನೆಯದು ಕಿಲ್ ಸ್ವಿಚ್. ಮಣಿಕಟ್ಟಿಗೆ ದಾರ ಕಟ್ಟಿಕೊಳ್ಳುವ ಬಗೆಯದಾದರೆ, ದಾರ ಎಳೆದು ಎಂಜಿನ್ ನಿಲ್ಲುವುದನ್ನು ಕಣ್ಣಾರೆ ನೋಡಿ. ಈ ಎರಡರಲ್ಲಿ ಯಾವುದು ಸರಿಯಿಲ್ಲದಿದ್ದರೂ ಮಗುವನ್ನು ಬೈಕ್ ಹತ್ತಿಸಬೇಡಿ.

ಸಾಗಣೆಯ ನಂತರ ಸ್ಟಾರ್ಟ್ ಆಗದಿದ್ದರೆ

ಬೈಕ್‌ಗಳು ಮಂಡ್ಯದಿಂದ ಶ್ರೀರಂಗಪಟ್ಟಣದ ಮೂಲಕ ಸುಮಾರು 45 ಕಿಲೋಮೀಟರ್ ಮಿನಿ ಟ್ರಕ್‌ನಲ್ಲಿ ಬಂದವು. ಇಳಿಸಿದಾಗ ಕೆಂಪು ಬೈಕಿನ ಸುತ್ತ ಪೆಟ್ರೋಲ್ ವಾಸನೆ. ಪ್ಲಗ್ ಬಿಚ್ಚಿದರೆ ಒದ್ದೆ. ಆಯಿಲ್ ಅಳತೆಯ ಕಡ್ಡಿ ತೆಗೆದು ನೋಡಿದರೆ ಮಟ್ಟ ಮೇಲಿನ ಗೆರೆಯನ್ನು ದಾಟಿದೆ, ಆಯಿಲ್ ನೀರಿನಂತೆ ತೆಳ್ಳಗಾಗಿದೆ, ಅದಕ್ಕೂ ಪೆಟ್ರೋಲ್ ವಾಸನೆ.

ಆಗಿದ್ದು ಇಷ್ಟು. ಟ್ಯಾಂಕಿನ ಪೆಟ್ರೋಲ್ ಟ್ಯಾಪ್ ತೆರೆದೇ ಇತ್ತು. ದಾರಿಯ ಹಂಪ್‌ಗಳಲ್ಲಿ ಬೈಕ್ ಕುಲುಕಿದಾಗಲೆಲ್ಲ ಕಾರ್ಬ್ಯುರೇಟರಿನೊಳಗಿನ ಫ್ಲೋಟ್ ಕುಣಿದು, ಪೆಟ್ರೋಲನ್ನು ತಡೆಯಬೇಕಾದ ಸೂಜಿ ಸರಿಯಾಗಿ ಕೂರಲಿಲ್ಲ. ಹೆಚ್ಚಾದ ಪೆಟ್ರೋಲ್ ಸಿಲಿಂಡರಿಗೆ ಇಳಿದು, ಪಿಸ್ಟನ್ ರಿಂಗ್‌ಗಳ ಸಂದಿನಿಂದ ಆಯಿಲಿಗೆ ಸೇರಿತು.

ಇಂಥ ಎಂಜಿನ್‌ಗೆ ಸೆಲ್ಫ್ ಒತ್ತಬೇಡಿ, ಕಿಕ್ ಕೂಡ ಹೊಡೆಯಬೇಡಿ. ಸಿಲಿಂಡರಿನಲ್ಲಿ ದ್ರವ ನಿಂತಿದ್ದರೆ ಪಿಸ್ಟನ್ ಅದನ್ನು ಒತ್ತಿ ಕುಗ್ಗಿಸಲಾರದು. ಕನೆಕ್ಟಿಂಗ್ ರಾಡ್ ಬಾಗುವ ಅಪಾಯವಿದೆ. ಟ್ಯಾಪ್ ಮುಚ್ಚಿ, ಪ್ಲಗ್ ಬಿಚ್ಚಿ, ಪ್ಲಗ್‌ನ ಕಿಡಿಗೆ ವಿದ್ಯುತ್ ಕೊಡುವ ಕಾಯಿಲ್‌ಗೆ ಬರುವ ತಂತಿ ಕಳಚಿ, ಆಮೇಲೆ ಕಿಕ್ಕರ್ ನಿಧಾನವಾಗಿ ಒತ್ತಿದರೆ ಪ್ಲಗ್ ತೂತಿನಿಂದ ಪೆಟ್ರೋಲ್ ಚಿಮ್ಮುತ್ತದೆ. ತಂತಿ ಕಳಚುವ ಹೆಜ್ಜೆಯನ್ನು ಬಿಡಲೇಬೇಡಿ, ಚಿಮ್ಮುವ ಪೆಟ್ರೋಲಿಗೆ ಒಂದು ಕಿಡಿ ಸಾಕು. ಮಕ್ಕಳನ್ನು ದೂರ ನಿಲ್ಲಿಸಿ. ನಂತರ ಆಯಿಲ್ ಪೂರ್ತಿ ಬಸಿದು ಹೊಸದು ಹಾಕಿ. ಪೆಟ್ರೋಲ್ ಬೆರೆತ ಆಯಿಲ್‌ನಲ್ಲಿ ಒಂದು ಹೀಟ್ (ಸ್ಪರ್ಧೆಯ ಒಂದು ಸರದಿ) ಓಡಿಸಿ ನೋಡೋಣ ಎಂಬ ಯೋಚನೆಯೇ ಬೇಡ. ಬೇರಿಂಗ್ ಮತ್ತು ಕ್ಯಾಮ್‌ಗಳಿಗೆ ಆಧಾರವೇ ಇರುವುದಿಲ್ಲ.

ಇಲ್ಲಿ ಕಾರ್ಬ್ಯುರೇಟರ್ ಬಿಚ್ಚಬೇಕೇ ಎಂಬ ಪ್ರಶ್ನೆ ಏಳುತ್ತದೆ. ಬೈಕನ್ನು ನೇರವಾಗಿ ನಿಲ್ಲಿಸಿ ಟ್ಯಾಪ್ ತೆರೆದು, ಕಾರ್ಬ್ಯುರೇಟರಿನಲ್ಲಿ ಹೆಚ್ಚಾದ ಪೆಟ್ರೋಲ್ ಹೊರಬೀಳುವ ಕೊಳವೆಯನ್ನು ಗಮನಿಸಿ. ಪೆಟ್ರೋಲ್ ಹನಿಯುತ್ತಿದ್ದರೆ ಸೂಜಿಯಲ್ಲೋ ಅದರ ಕೂರುವ ಜಾಗದಲ್ಲೋ ಕಸವಿದೆ, ಬಿಚ್ಚಿ. ಹನಿಯದಿದ್ದರೆ ಬಿಚ್ಚಬೇಡಿ. ನಮ್ಮದು ಹನಿಯಲಿಲ್ಲ. ಸರಿಯಿರುವುದನ್ನು ಟ್ರ್ಯಾಕ್‌ನ ಧೂಳಿನಲ್ಲಿ ಬಿಚ್ಚಿದರೆ ಹೊಸ ದೋಷವೊಂದನ್ನು ನಾವೇ ಒಳಗೆ ಹಾಕಿದಂತೆ.

ಓಡುತ್ತಾ ನಿಂತರೆ: ಪೆಟ್ರೋಲೋ, ಕಿಡಿಯೋ?

ಕೆಂಪು ಬೈಕ್ ಓಡಿಸುವ ಹುಡುಗಿ ಶನಿವಾರ ಮಧ್ಯಾಹ್ನ ಹೇಳಿದ್ದು ಹೀಗೆ: "ನೇರ ದಾರಿಯಲ್ಲಿ ಮೊದಲು ಎಳೆಯುವುದು ಕಡಿಮೆ ಆಗುತ್ತದೆ. ಆಮೇಲೆ ಕೆಮ್ಮುತ್ತದೆ. ಆಮೇಲೆ ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗದ ಹಾಗೆ ಹೊರಡುತ್ತದೆ."

ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ. ಪೆಟ್ರೋಲ್ ಕೊರತೆಯಿಂದ ನಿಲ್ಲುವ ಎಂಜಿನ್ ಸೋತು ನಿಲ್ಲುತ್ತದೆ. ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ಉಳಿದದ್ದು ಮುಗಿಯುವವರೆಗೆ ಎಳೆದಾಡುತ್ತದೆ. ಆಕ್ಸಿಲರೇಟರ್ ಪೂರ್ತಿ ತೆರೆದ ಕಡೆ ಮೊದಲು ಕಾಣಿಸಿಕೊಳ್ಳುತ್ತದೆ, ಏಕೆಂದರೆ ಬೇಡಿಕೆ ಅಲ್ಲಿಯೇ ಹೆಚ್ಚು. ಕಿಡಿ ತಪ್ಪಿದ ಎಂಜಿನ್ ಹಾಗಲ್ಲ. ಅದು ಸ್ವಿಚ್ ಆರಿಸಿದಂತೆ ನಿಲ್ಲುತ್ತದೆ. ಈ ವ್ಯತ್ಯಾಸವೊಂದನ್ನು ಮಕ್ಕಳಿಗೂ ಕಲಿಸಿಬಿಡಿ. ಅರ್ಧ ಕೆಲಸ ಅವರೇ ಮುಗಿಸಿಕೊಡುತ್ತಾರೆ.

ಹಾಗಾಗಿ ಪ್ಲಗ್, ಕಾಯಿಲ್ ಯಾವುದನ್ನೂ ಮುಟ್ಟದೆ ಪೆಟ್ರೋಲ್ ದಾರಿಯನ್ನು ಕೆಳಗಿನಿಂದ ಮೇಲಕ್ಕೆ ಹಿಡಿದೆವು. ಕಾರ್ಬ್ಯುರೇಟರ್ ಬಟ್ಟಲಿನ ಕೆಳಗಿನ ಸ್ಕ್ರೂ ಸಡಿಲಿಸಿ, ಬೀಳುವ ಪೆಟ್ರೋಲನ್ನು ಬಾಟಲಿಯಲ್ಲಿ ಹಿಡಿಯಿರಿ. ಮೊದಲಿಗೆ ಬಟ್ಟಲಿನಲ್ಲಿದ್ದದ್ದು ಬರುತ್ತದೆ. ಅದು ಮುಗಿದ ಮೇಲೂ ಧಾರೆ ಒಂದೇ ಸಮನೆ ಇದ್ದರೆ ಟ್ಯಾಂಕಿನಿಂದ ಬರುವ ದಾರಿ ಸರಿಯಿದೆ ಎಂದರ್ಥ. ಆಗ ಜೆಟ್‌ಗಳ, ಅಂದರೆ ಕಾರ್ಬ್ಯುರೇಟರಿನೊಳಗೆ ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ತೂತಿನ ಭಾಗಗಳ ಕಡೆ ನೋಡಿ. ಧಾರೆ ಕ್ರಮೇಣ ಸಣ್ಣಗಾಗಿ ಹನಿಗೆ ಇಳಿದರೆ ಮೇಲೆ ಎಲ್ಲೋ ತಡೆಯಿದೆ. ನಮ್ಮದು ಸಣ್ಣಗಾಯಿತು. ಅದೇ ಹೊತ್ತಿಗೆ ಟ್ಯಾಂಕಿನ ಮುಚ್ಚಳ ತೆಗೆದಾಗ ಗಾಳಿ ಒಳನುಗ್ಗುವ ಸದ್ದು ಕೇಳಿಸಿತು, ಧಾರೆ ಮತ್ತೆ ದಪ್ಪಗಾಯಿತು. ದೋಷ ಮುಚ್ಚಳದ ಗಾಳಿ ರಂಧ್ರದ್ದು.

ಮದ್ದೂರಿನ ಎಳನೀರಿಗೆ ಒಂದೇ ಸಣ್ಣ ತೂತು ಮಾಡಿ ಬಗ್ಗಿಸಿ ನೋಡಿ, ನೀರು ಗುಳುಗುಳು ಎಂದು ತಡೆದು ತಡೆದು ಬೀಳುತ್ತದೆ. ಟ್ಯಾಂಕಿನದೂ ಅದೇ ಕಥೆ. ಪೆಟ್ರೋಲ್ ಇಳಿದಷ್ಟು ಜಾಗಕ್ಕೆ ಗಾಳಿ ಬರಬೇಕು. ಹಿಂದಿನ ಸಲದ ಕೆಂಪು ಮಣ್ಣು ಒಣಗಿ, ತೊಳೆಯುವಾಗ ನೀರಿನ ರಭಸಕ್ಕೆ ಸಿಕ್ಕಿ, ಮುಚ್ಚಳದೊಳಗಿನ ಕಿರಿದಾದ ದಾರಿಯಲ್ಲಿ ಗಟ್ಟಿಯಾಗಿ ಕೂತಿತ್ತು. ನಿಂತ ಬೈಕ್ ಸ್ವಲ್ಪ ಹೊತ್ತಿನ ನಂತರ ಹೊರಡಲು ಕಾರಣವೂ ಇದೇ: ಗಾಳಿ ನಿಧಾನವಾಗಿ ಸೋರಿ ಒಳಸೇರುತ್ತದೆ, ಬಟ್ಟಲು ತುಂಬಿಕೊಳ್ಳುತ್ತದೆ. ಮುಚ್ಚಳವನ್ನು ಪೆಟ್ರೋಲಿನಲ್ಲಿ ನೆನೆಸಿ, ಗಾಳಿ ಊದಿ, ಬಾಯಿಂದ ಹೊರಗಿನ ಗಾಳಿ ಒಳಕ್ಕೆ ಸಲೀಸಾಗಿ ಹೋಗುವುದನ್ನು ಖಚಿತಪಡಿಸಿಕೊಂಡು ಹಾಕಿದೆವು. ಊದುವ ಮೊದಲು ಪೆಟ್ರೋಲ್ ಪೂರ್ತಿ ಆರಿರಬೇಕು. ಕೆಲವು ಬೈಕ್‌ಗಳಲ್ಲಿ ಮುಚ್ಚಳಕ್ಕೆ ಕೊಳವೆ ಮತ್ತು ಒಂದೇ ದಿಕ್ಕಿಗೆ ಗಾಳಿ ಬಿಡುವ ಸಣ್ಣ ವಾಲ್ವ್ ಇರುತ್ತದೆ. ಅದನ್ನು ತಿರುಗುಮುರುಗಾಗಿ ಸಿಕ್ಕಿಸಿದರೂ ಇದೇ ಲಕ್ಷಣ ಕಾಣುತ್ತದೆ.

ಭಾನುವಾರ ಬೆಳಗ್ಗೆ ಅದೇ ಬೈಕ್ ಮತ್ತೆ ನಿಂತಿತು. ಸುತ್ತ ನೆರೆದವರೆಲ್ಲ "ಮುಚ್ಚಳ ಇನ್ನೊಮ್ಮೆ ನೋಡಿ" ಎಂದರು. ಹುಡುಗಿಯನ್ನು ಕೂರಿಸಿ ಕೇಳಿದಾಗ ಉತ್ತರ ಬೇರೆಯೇ ಇತ್ತು: "ಈ ಸಲ ಕೆಮ್ಮಲಿಲ್ಲ ಅಣ್ಣ. ಟಕ್ ಎಂದು ಆರಿತು. ಎಡ ತಿರುವಿನ ಹಳ್ಳದಲ್ಲಿ. ಹ್ಯಾಂಡಲ್ ನೇರ ಮಾಡಿದ ಮೇಲೆ ತಾನಾಗಿಯೇ ಹತ್ತಿಕೊಂಡಿತು, ಆಮೇಲೆ ಮುಂದಿನ ಸುತ್ತಿನಲ್ಲಿ ಅಲ್ಲೇ ಮತ್ತೆ ನಿಂತಿತು."

ಇಬ್ಬರು ಬೇರೆ ಬೇರೆ ರೋಗಿಗಳು ಒಂದೇ ನೋವು ಹೇಳಿಕೊಂಡು ಬರಬಹುದು. ಇಲ್ಲಿ ಒಂದೇ ಬೈಕ್ ಎರಡು ದಿನ ಎರಡು ಕಾರಣಕ್ಕೆ ನಿಂತಿತ್ತು. ಶನಿವಾರದ ಪರಿಹಾರ ಸರಿಯಾಗಿಯೇ ಇತ್ತು. ಅದು ಸರಿಯಾಗಿದ್ದರಿಂದಲೇ ಬೈಕ್ ಹೆಚ್ಚು ಸುತ್ತು ಓಡಿ, ಎರಡನೆಯ ದೋಷ ಹೊರಗೆ ಬಂತು. ತಿರುವಿನ ದಿಕ್ಕಿಗೆ ಅಂಟಿಕೊಂಡ ದೋಷವೆಂದರೆ ಹ್ಯಾಂಡಲ್ ಜೊತೆ ತಿರುಗುವ ಯಾವುದೋ ಒಂದು ವಸ್ತುವಿನ ದೋಷ. ಅದು ತಂತಿ ಅಥವಾ ಕೇಬಲ್.

ಪರೀಕ್ಷೆ ಸರಳ. ಬೈಕನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಿಸಿ, ಹ್ಯಾಂಡಲನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನಿಧಾನವಾಗಿ ತಿರುಗಿಸಿ. ಹಾಗೆಯೇ ವೈರಿಂಗ್ ಕಟ್ಟನ್ನು ಸ್ವಲ್ಪ ಸ್ವಲ್ಪವೇ ಹಿಡಿದು ಅಲುಗಾಡಿಸುತ್ತಾ ಬನ್ನಿ. ಪೂರ್ತಿ ಎಡಕ್ಕೆ ತಿರುಗಿಸಿ ಫೋರ್ಕ್ ಪಕ್ಕದ ಕಟ್ಟನ್ನು ಒತ್ತಿದಾಗ ಎಂಜಿನ್ ನಿಂತಿತು, ಕಟ್ಟನ್ನು ಬಿಟ್ಟು ಸ್ಟಾರ್ಟ್ ಮಾಡಿದಾಗ ಮತ್ತೆ ನಿಲ್ಲಲಿಲ್ಲ. ಹೆಡ್‌ಲೈಟ್ ತೆಗೆದ ಮೇಲೆ ಅದರ ಚಿಪ್ಪಿನೊಳಗಿದ್ದ ತಂತಿ ಮತ್ತು ಕನೆಕ್ಟರ್‌ಗಳೆಲ್ಲ ನಂಬರ್ ಪ್ಲೇಟಿನ ಹಿಂದೆ ಮುದ್ದೆಯಾಗಿ ಕಟ್ಟಿಕೊಂಡಿದ್ದವು. ಆ ಮುದ್ದೆ ಹ್ಯಾಂಡಲಿನ ತಡೆಗೂಟಕ್ಕೆ ಉಜ್ಜಿ ಉಜ್ಜಿ ತಂತಿಯ ಹೊದಿಕೆ ಸವೆದಿತ್ತು. ಒಳಗಿನ ತಾಮ್ರ ಚೌಕಟ್ಟಿಗೆ ತಗುಲಿದಾಗಲೆಲ್ಲ ಕಿಡಿ ಸಾಯುತ್ತಿತ್ತು.

ಎಲ್ಲ ಬೈಕ್‌ಗಳ ಕಿಲ್ ಸ್ವಿಚ್ ಒಂದೇ ರೀತಿ ಕೆಲಸ ಮಾಡುವುದಿಲ್ಲ. ಕೆಲವುಗಳಲ್ಲಿ ತಂತಿ ಚೌಕಟ್ಟಿಗೆ ತಗುಲಿದರೆ ಎಂಜಿನ್ ನಿಲ್ಲುತ್ತದೆ, ಇನ್ನು ಕೆಲವುಗಳಲ್ಲಿ ತಂತಿ ತುಂಡಾದರೆ ನಿಲ್ಲುತ್ತದೆ. ನಿಮ್ಮದು ಯಾವುದೆಂದು ವೈರಿಂಗ್ ನಕ್ಷೆಯಲ್ಲಿ ನೋಡಿಟ್ಟುಕೊಂಡರೆ ಸವೆದ ತಂತಿಯನ್ನು ಹುಡುಕಬೇಕೋ ತುಂಡಾದದ್ದನ್ನು ಹುಡುಕಬೇಕೋ ಎಂಬುದು ಮೊದಲೇ ತಿಳಿಯುತ್ತದೆ. ಸೈಡ್ ಸ್ಟ್ಯಾಂಡ್ ತೆಗೆದಿರುವ ಬೈಕ್‌ಗಳಲ್ಲಿ ಅದರ ಸ್ವಿಚ್ಚಿನ ತಂತಿಗಳನ್ನು ಹೆಣೆದು ಟೇಪ್ ಸುತ್ತಿರುತ್ತಾರೆ. ಪಾದದ ಬಳಿ, ಮಣ್ಣು ನೀರು ಎರಚುವ ಜಾಗದಲ್ಲಿ. ಅದನ್ನೂ ಬಿಚ್ಚಿ ನೋಡಿ.

ಸವೆದ ತಂತಿಗೆ ಟೇಪ್ ಸುತ್ತಿ ಬಿಟ್ಟರೆ ಮುಂದಿನ ಹೀಟ್‌ಗೆ ಮಣ್ಣು ಅದನ್ನು ಬಿಚ್ಚಿಬಿಡುತ್ತದೆ. ಹಾಳಾದ ತುಂಡು ಕತ್ತರಿಸಿ, ಹೊಸ ತಂತಿ ಬೆಸೆದು, ಬಿಸಿ ಮಾಡಿದರೆ ಕುಗ್ಗಿ ಕೂರುವ ಕೊಳವೆ ಹಾಕಿ, ಕಟ್ಟನ್ನು ತಡೆಗೂಟದಿಂದ ದೂರ ಸಾಗಿಸಿ ಕಟ್ಟಿದೆವು. ಹ್ಯಾಂಡಲ್ ಎರಡೂ ಕೊನೆಗೆ ತಿರುಗಿದಾಗ ತಂತಿ ಬಿಗಿಯಾಗಬಾರದು, ಎಲ್ಲೂ ಚಿವುಟಬಾರದು. ಕಿಲ್ ಸ್ವಿಚ್ಚಿನ ತಂತಿಯನ್ನೇ ಕಿತ್ತುಹಾಕಿ ಈ ಹೀಟ್ ಮುಗಿಸೋಣ ಎಂಬ ಸಲಹೆ ಆ ದಿನವೂ ಬಂತು. ಮಗು ಬಿದ್ದಾಗ ಎಂಜಿನ್ ನಿಲ್ಲಿಸುವುದು ಆ ಸ್ವಿಚ್. ಅದನ್ನು ಕಿತ್ತು ಓಡಿಸುವುದಕ್ಕಿಂತ ಹೀಟ್ ಬಿಡುವುದು ಮೇಲು, ನಾವು ಬಿಟ್ಟೆವು.

ಕಾಯಿಲ್ ಬಿಸಿಯಾದಾಗ ಮಾತ್ರ ಸೋಲುವುದೂ ಉಂಟು. ಆಗಲೂ ಎಂಜಿನ್ ಒಮ್ಮೆಗೇ ನಿಲ್ಲುತ್ತದೆ, ಆದರೆ ತಿರುವಿಗೂ ಅದಕ್ಕೂ ಸಂಬಂಧವಿಲ್ಲ, ತಣಿಯುವವರೆಗೆ ಹತ್ತುವುದಿಲ್ಲ. ತಣ್ಣಗಿದ್ದಾಗ ಮಲ್ಟಿಮೀಟರ್‌ನಿಂದ ಅಳೆದ ವಿದ್ಯುತ್ ರೋಧವನ್ನೂ ನಿಂತ ಕೂಡಲೇ ಅಳೆದದ್ದನ್ನೂ ಕೈಪಿಡಿಯ ಅಂಕಿಯೊಂದಿಗೆ ಹೋಲಿಸಿ. ಒಂದೇ ಮಾದರಿಯ ಎರಡು ಬೈಕ್ ಇರುವುದು ಇಲ್ಲಿ ದೊಡ್ಡ ಅನುಕೂಲ. ಕಾಯಿಲ್ ಒಂದನ್ನೇ ಅದಲುಬದಲು ಮಾಡಿ. ದೋಷ ಕಾಯಿಲ್ ಜೊತೆ ಇನ್ನೊಂದು ಬೈಕಿಗೆ ಹೋದರೆ ತೀರ್ಮಾನವಾಯಿತು. ಒಟ್ಟಿಗೆ ಪ್ಲಗ್, ಕಾಯಿಲ್, ಸಿಡಿಐ (ಕಿಡಿಯನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಮೂರನ್ನೂ ಬದಲಿಸಿದರೆ ಬೈಕ್ ಓಡಬಹುದು, ಆದರೆ ದೋಷ ಯಾವುದರಲ್ಲಿತ್ತು ಎಂದು ತಿಳಿಯದೆ ಆ ಭಾಗವೇ ಮತ್ತೆ ಬಿಡಿಭಾಗದ ಪೆಟ್ಟಿಗೆ ಸೇರುತ್ತದೆ.

ಪಿಕಪ್ ಇಲ್ಲದ ನೀಲಿ ಬೈಕ್

ಇದನ್ನು ಓಡಿಸುವವನು ತಂಡದಲ್ಲಿ ಚಿಕ್ಕವನು. "ಪಿಕಪ್ ಇಲ್ಲ" ಎಂದಷ್ಟೇ ಹೇಳಿದ. ಕೂಡಲೇ ಜೆಟ್ ಬದಲಿಸಬೇಕು, ಟ್ಯಾಪೆಟ್ (ವಾಲ್ವ್ ಒತ್ತುವ ಭಾಗ) ನೋಡಬೇಕು, ಕ್ಲಚ್ ಪ್ಲೇಟ್ ಹೋಗಿದೆ ಎಂದು ತಲೆಗೊಂದು ಮಾತು. ಇನ್ನಷ್ಟು ಕೇಳಿದಾಗ ಮೂರು ಸಂಗತಿ ಹೊರಬಂದವು: ಮೊದಲ ಸುತ್ತುಗಳಲ್ಲಿ ಚೆನ್ನಾಗಿರುತ್ತದೆ, ಆಮೇಲೆ ಆಕ್ಸಿಲರೇಟರ್ ಬಿಟ್ಟ ಕೂಡಲೇ ಬೈಕ್ ತಾನಾಗಿ ನಿಧಾನವಾಗುತ್ತದೆ, ಬ್ರೇಕ್ ಲಿವರ್ ಬರಬರುತ್ತಾ ಗಟ್ಟಿಯಾಗುತ್ತದೆ.

ಮೂರನೆಯದನ್ನು ಅವನು ದೂರಾಗಿ ಹೇಳಿರಲಿಲ್ಲ. ಲಿವರ್ ಗಟ್ಟಿಯಾದದ್ದು ಅವನಿಗೆ ಒಳ್ಳೆಯದೆಂದೇ ಕಂಡಿತ್ತು.

ಓಡಿ ಬಂದ ಬೈಕಿನ ಮುಂದಿನ ಡಿಸ್ಕ್ ಹತ್ತಿರ ಅಂಗೈ ಹಿಡಿದರೆ ಕಾವು ಮುಖಕ್ಕೆ ಬಡಿಯುವಷ್ಟಿತ್ತು. ಮುಟ್ಟಬೇಡಿ, ಹತ್ತಿರ ಹಿಡಿದರೆ ಸಾಕು. ಮುಂದಿನ ಚಕ್ರ ಎತ್ತಿ ತಿರುಗಿಸಿದರೆ ಅರ್ಧ ಸುತ್ತಿಗೇ ನಿಂತಿತು. ಎಂಜಿನ್ನಿಗೆ ಏನೂ ಆಗಿರಲಿಲ್ಲ. ಬ್ರೇಕ್ ಹಿಡಿದುಕೊಂಡೇ ಓಡುತ್ತಿತ್ತು.

ಬ್ರೇಕ್ ಹಿಡಿದುಕೊಂಡಾಗ ದೋಷ ಮೇಲೆ ಲಿವರ್ ಪಕ್ಕದಲ್ಲಿ ಆಯಿಲನ್ನು ಒತ್ತುವ ಮಾಸ್ಟರ್ ಸಿಲಿಂಡರಿನಲ್ಲೋ ಕೆಳಗೆ ಡಿಸ್ಕ್‌ಗೆ ಪ್ಯಾಡ್ ಒತ್ತುವ ಕ್ಯಾಲಿಪರ್‌ನಲ್ಲೋ ಎಂದು ತಿಳಿಯಲು ಒಂದು ಖಚಿತ ದಾರಿಯಿದೆ. ಚಕ್ರ ಬಿಗಿಯಾಗಿರುವಾಗಲೇ ಕ್ಯಾಲಿಪರಿನ ಬ್ಲೀಡ್ ನಿಪ್ಪಲ್‌ಗೆ (ಬ್ರೇಕ್ ಆಯಿಲ್ ಬಸಿಯುವ ಸ್ಕ್ರೂಗೆ) ಕೊಳವೆ ಸಿಕ್ಕಿಸಿ, ಕಾಲು ಸುತ್ತು ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಸಡಿಲವಾದರೆ ಒತ್ತಡ ಒಳಗೆ ಸಿಕ್ಕಿಕೊಂಡಿತ್ತು, ಅಂದರೆ ಆಯಿಲ್ ಮೇಲಕ್ಕೆ ಮರಳುತ್ತಿಲ್ಲ. ಲಿವರ್, ಮಾಸ್ಟರ್ ಸಿಲಿಂಡರ್ ನೋಡಿ. ಆಗಲೂ ಚಕ್ರ ಬಿಗಿಯಾಗಿಯೇ ಇದ್ದರೆ ಕ್ಯಾಲಿಪರಿನ ಪಿಸ್ಟನ್ ಮಣ್ಣು, ತುಕ್ಕಿಗೆ ಕಚ್ಚಿಕೊಂಡಿದೆ. ನಮ್ಮ ಚಕ್ರ ಸಡಿಲವಾಯಿತು.

ಕಾರಣ ಹುಡುಗನ ಕೈ ಚಿಕ್ಕದು ಎಂಬುದರಲ್ಲಿತ್ತು. ಲಿವರ್ ಅವನ ಬೆರಳಿಗೆ ಎಟಕಲೆಂದು ಅದನ್ನು ಹ್ಯಾಂಡಲ್ ಹತ್ತಿರಕ್ಕೆ ತರಲಾಗಿತ್ತು, ಲಿವರ್ ಮತ್ತು ಬಿಟ್ಟಾಗ ಅದು ತಾಗಿ ನಿಲ್ಲುವ ತಡೆಯ ನಡುವೆ ಒಂದು ತುಣುಕನ್ನು ಸೇರಿಸಿ. ಅದರಿಂದ ಲಿವರ್ ಬಿಟ್ಟಾಗಲೂ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರುತ್ತಿರಲಿಲ್ಲ. ಪಿಸ್ಟನ್ ಪೂರ್ತಿ ಹಿಂದಕ್ಕೆ ಬಂದರೆ ಮಾತ್ರ ಆಯಿಲ್ ಮರಳುವ ಸಣ್ಣ ರಂಧ್ರ ತೆರೆದುಕೊಳ್ಳುತ್ತದೆ. ಅದು ಮುಚ್ಚಿಯೇ ಇದ್ದರೆ, ಬಿಸಿಗೆ ಹಿಗ್ಗಿದ ಆಯಿಲ್‌ಗೆ ಹೋಗಲು ಜಾಗವಿಲ್ಲ. ಪ್ಯಾಡ್ ಒತ್ತುತ್ತದೆ, ಇನ್ನಷ್ಟು ಬಿಸಿ, ಇನ್ನಷ್ಟು ಒತ್ತಡ. ಹಾಗೆಯೇ ಬಿಟ್ಟರೆ ಚಕ್ರ ಕಚ್ಚಿ ನಿಲ್ಲಬಹುದು. ತಿರುವಿನಲ್ಲಿ ಮುಂದಿನ ಚಕ್ರ ಕಚ್ಚಿದರೆ ಹದಿಮೂರರ ಹುಡುಗನಿಗೆ ಏನಾಗುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ.

ಮಕ್ಕಳ ಬೈಕ್‌ಗೆ ಇದು ಬಹಳ ಸಾಮಾನ್ಯವಾಗಿ ಬರುವ ದೋಷ, ಆದ್ದರಿಂದ ಒತ್ತಿ ಹೇಳುತ್ತೇನೆ: ಲಿವರ್ ಹತ್ತಿರ ತರಬೇಕಾದರೆ ದೂರ ಹೊಂದಿಸುವ ವ್ಯವಸ್ಥೆಯಿರುವ ಲಿವರ್ ಅಥವಾ ಚಿಕ್ಕ ಕೈಗೆಂದೇ ಮಾಡಿದ ಲಿವರ್ ಹಾಕಿ. ಹಾಕಿದ ಮೇಲೆ, ಪಿಸ್ಟನ್‌ಗೆ ತಾಗುವ ಮೊದಲು ಲಿವರ್ ಸ್ವಲ್ಪ ಖಾಲಿ ಚಲಿಸುವುದನ್ನು ಬೆರಳಲ್ಲಿ ಪರೀಕ್ಷಿಸಿ. ತುಣುಕು ತೆಗೆದ ಕೂಡಲೇ ಚಕ್ರ ಸರಾಗವಾಗಿ ತಿರುಗಿತು. ಆದರೂ ಅಷ್ಟು ಕಾದ ಬ್ರೇಕ್ ಆಯಿಲನ್ನು ನಂಬುವಂತಿರಲಿಲ್ಲ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ತೇವ ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3ರಲ್ಲಿ ಅದು 205 ಮತ್ತು 140. ತೆರೆದಿಟ್ಟ ಹಳೆಯ ಡಬ್ಬದ ಆಯಿಲ್ ಬಳಸಬೇಡಿ. ಹೊಸ ಡಬ್ಬ ಒಡೆದು ಪೂರ್ತಿ ಬದಲಿಸಿದೆವು. ಭಾನುವಾರ ಬಿಡಿಭಾಗದ ಅಂಗಡಿಗಳು ಮುಚ್ಚಿರುವುದರಿಂದ ಇದೊಂದು ಡಬ್ಬ ಪೆಟ್ಟಿಗೆಯಲ್ಲಿ ಇರಲೇಬೇಕು.

ಬೇಗ ನೋಡಿ ಮುಗಿಸಬಹುದಾದವು

ಎಂಜಿನ್ ಕೂಗುತ್ತದೆ, ಬೈಕ್ ಮುಂದೆ ಹೋಗುವುದಿಲ್ಲ ಎಂದರೆ ಕ್ಲಚ್ ಜಾರುತ್ತಿದೆ. ಮೊದಲು ಕೇಬಲ್‌ನ ಸಡಿಲ ನೋಡಿ. ಬಿಸಿಯಾದಾಗ ಅದು ಇಲ್ಲವಾಗಿರಬಹುದು. ನಂತರ ಆಯಿಲ್. ಕಾರಿನ ಆಯಿಲ್‌ಗಳಲ್ಲಿ ಘರ್ಷಣೆ ತಗ್ಗಿಸುವ ರಾಸಾಯನಿಕಗಳಿರುವುದುಂಟು, ಆಯಿಲ್‌ನಲ್ಲೇ ಮುಳುಗಿರುವ ಬೈಕ್ ಕ್ಲಚ್‌ಗೆ ಅವು ಆಗುವುದಿಲ್ಲ. ಡಬ್ಬದ ಮೇಲೆ ಇಂಥ ಕ್ಲಚ್‌ಗೆ ಹೊಂದುವ ದರ್ಜೆಯ ಗುರುತು, ಜಾಸೊ ಎಂಎ ಅಥವಾ ಎಂಎ2, ಇರಬೇಕು.

ಬಿಸಿಯಾದಾಗ ಮಾತ್ರ ಸ್ಟಾರ್ಟ್ ಆಗದಿದ್ದರೆ ಟ್ಯಾಪೆಟ್ ಸಂದು ಬಿಗಿಯಾಗಿರಬಹುದು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಫೀಲರ್ ಗೇಜ್‌ನಿಂದ (ಸಂದು ಅಳೆಯುವ ತೆಳು ಲೋಹದ ಪಟ್ಟಿಗಳಿಂದ) ಅಳೆಯಿರಿ.

ಚೈನ್‌ನ ಸಡಿಲವನ್ನು ಬೈಕ್ ಸ್ಟ್ಯಾಂಡ್ ಮೇಲಿದ್ದಾಗ ನೋಡಿ ತೃಪ್ತರಾಗಬೇಡಿ. ಹಿಂದಿನ ಆಕ್ಸಲ್, ಸ್ವಿಂಗ್ ಆರ್ಮ್‌ನ ತಿರುಗುಮೂಲ, ಮುಂದಿನ ಸ್ಪ್ರಾಕೆಟ್ ಮೂರೂ ಒಂದೇ ಗೆರೆಗೆ ಬರುವಂತೆ ಹಿಂಬದಿಯನ್ನು ಒತ್ತಿ, ಆಗಲೂ ಸ್ವಲ್ಪ ಸಡಿಲ ಉಳಿಯಬೇಕು. ಜೋಡು ಕೊಂಡಿಯ ಕ್ಲಿಪ್‌ನ ಮುಚ್ಚಿದ ತುದಿ ಚೈನ್ ಚಲಿಸುವ ದಿಕ್ಕಿಗಿರಲಿ.

ಧೂಳು, ಗಾಳಿ, ಪೆಟ್ರೋಲ್

ನಮ್ಮ ಕಡೆಯ ಕೆಂಪು ಮಣ್ಣು ಒಣಗಿದರೆ ಹಿಟ್ಟಿನಷ್ಟು ನುಣ್ಣಗಾಗುತ್ತದೆ, ಅದರಲ್ಲಿರುವ ಮರಳಿನ ಕಣ ಸಿಲಿಂಡರಿಗೆ ಹೋದರೆ ರಿಂಗ್ ತೇಯುತ್ತದೆ. ಏರ್ ಫಿಲ್ಟರ್ ತೆಗೆದರೆ ಪಿಕಪ್ ಹೆಚ್ಚುತ್ತದೆ ಎಂದು ಹೇಳುವವರು ಪ್ರತಿ ಸ್ಪರ್ಧೆಯಲ್ಲೂ ಸಿಗುತ್ತಾರೆ. ಕೇಳಬೇಡಿ. ಸ್ಪಂಜಿನ ಫಿಲ್ಟರ್ ಆದರೆ ಅದಕ್ಕೆ ಮೀಸಲಾದ ಆಯಿಲ್‌ನಲ್ಲಿ ನೆನೆದಿರಬೇಕು, ಒಣ ಸ್ಪಂಜು ನುಣ್ಣನೆಯ ಧೂಳನ್ನು ಹಿಡಿಯುವುದಿಲ್ಲ. ದಿನದ ಕೊನೆಗೆ ಫಿಲ್ಟರ್‌ನಿಂದ ಕಾರ್ಬ್ಯುರೇಟರ್‌ಗೆ ಹೋಗುವ ಕೊಳವೆಯ ಒಳಗೋಡೆಯನ್ನು ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆ ಕೆಂಪಾದರೆ ಫಿಲ್ಟರ್ ಅಂಚಿನಲ್ಲೋ ಕೊಳವೆಯ ಬಿರುಕಿನಲ್ಲೋ ಧೂಳು ನುಸುಳುತ್ತಿದೆ. ಕಾರ್ಬ್ಯುರೇಟರ್ ಮತ್ತು ಹೆಡ್ ನಡುವಿನ ರಬ್ಬರ್ ಬಿರುಕು ಬಿಟ್ಟಿದೆಯೇ ಎಂದು ತಿಳಿಯಲು, ಎಂಜಿನ್ ಓಡುತ್ತಿರುವಾಗ ಅದರ ಮೇಲೆ ನೀರು ಚಿಮುಕಿಸಿ. ಸದ್ದು ಬದಲಾದರೆ ಬಿರುಕಿದೆ. ಬೇಗ ಹೊತ್ತಿಕೊಳ್ಳುವ ಸ್ಪ್ರೇಗಳನ್ನು ಕಾದ ಎಂಜಿನ್ ಮೇಲೆ ಬಳಸುವುದು ಮಕ್ಕಳಿರುವ ಜಾಗದಲ್ಲಿ ಬೇಡ.

ಪ್ಲಗ್ ನೋಡಿ ಎಂಜಿನ್‌ನ ಆರೋಗ್ಯ ಹೇಳುವ ವಿದ್ಯೆ ಮೈಸೂರಿಗೆ ಹೊಸತಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಅಲ್ಲಿ ತಯಾರಾದ ಜಾವಾ, ಯೆಜ್ಡಿಗಳ ಮೇಲೆ ಕೈ ಪಳಗಿಸಿಕೊಂಡ ಹಿರಿಯ ಮೆಕ್ಯಾನಿಕ್‌ಗಳು ಊರಿನಲ್ಲಿ ಇನ್ನೂ ಇದ್ದಾರೆ. ಅವರ ಬಳಿ ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ. ಪ್ಲಗ್‌ನ ತುದಿಯ ಪಿಂಗಾಣಿ ಭಾಗವಾದ ಇನ್ಸುಲೇಟರ್ ತಿಳಿ ಕಂದು ಇದ್ದರೆ ಮಿಶ್ರಣ ಸರಿ. ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು. ಬೆಳ್ಳಗೆ ಸುಟ್ಟಂತಿದ್ದರೆ ಪೆಟ್ರೋಲ್ ಕಡಿಮೆ, ಎಂಜಿನ್ ಕಾಯುತ್ತಿದೆ. ನೋಡುವ ಕ್ರಮವೂ ಮುಖ್ಯ. ಪೂರ್ತಿ ಆಕ್ಸಿಲರೇಟರ್‌ನಲ್ಲಿ ಓಡಿಸಿ, ಅದೇ ಸ್ಥಿತಿಯಲ್ಲಿ ಕ್ಲಚ್ ಹಿಡಿದು ಎಂಜಿನ್ ಆರಿಸಿದರೆ ಮಾತ್ರ ಆ ಬಣ್ಣ ನಿಜ ಹೇಳುತ್ತದೆ. ನಿಧಾನವಾಗಿ ಉರುಳಿಸಿಕೊಂಡು ಬಂದ ಬೈಕಿನ ಪ್ಲಗ್ ಐಡ್ಲಿಂಗ್‌ನ ಕಥೆಯನ್ನಷ್ಟೇ ಹೇಳುತ್ತದೆ.

ಎಥನಾಲ್ ಬೆರೆತ ಪೆಟ್ರೋಲ್ ಕಬ್ಬಿನ ಜಿಲ್ಲೆಯವರಾದ ನಮಗೆ ಅಪರಿಚಿತವೇನಲ್ಲ, ಆದರೆ ಜೆಟ್ ಲೆಕ್ಕದಲ್ಲಿ ಅದನ್ನು ಮರೆಯುವವರು ಬಹಳ. ಬರೀ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಅದರ 14.7 ಪಟ್ಟು ಗಾಳಿ ಬೇಕು, ಶೇಕಡ 20 ಎಥನಾಲ್ ಇದ್ದರೆ ಸುಮಾರು 13.5 ಪಟ್ಟು ಸಾಕು. ಅಂದರೆ ಅದೇ ಗಾಳಿಗೆ ಹೆಚ್ಚು ಇಂಧನ ಬೇಕು. ಹಳೆಯ ಜೆಟ್ ಇರುವ ಕಾರ್ಬ್ಯುರೇಟರ್‌ನಲ್ಲಿ ಮಿಶ್ರಣ ತೆಳುವಾಗುತ್ತದೆ. ಎಥನಾಲ್ ನೀರನ್ನೂ ಹೀರಿಕೊಳ್ಳುತ್ತದೆ. ಒಂದು ಸ್ಪರ್ಧೆಯಿಂದ ಇನ್ನೊಂದಕ್ಕೆ ಟ್ಯಾಂಕಿನಲ್ಲಿ ಪೆಟ್ರೋಲ್ ಉಳಿಸಬೇಡಿ, ಬಟ್ಟಲನ್ನೂ ಬಸಿದಿಡಿ.

ಮೈಸೂರಿನಿಂದ ಹೊರಗೆ ಹೋಗುವಾಗ

ಹುಡುಗಿಗೆ ಮುಂದೆ ಡಾಂಬರು ಟ್ರ್ಯಾಕ್‌ನಲ್ಲಿ ಓಡಿಸುವ ಆಸೆಯಿದೆ. ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಅಥವಾ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಹೋಗುವ ನಮ್ಮ ಕಡೆಯ ಎಲ್ಲ ತಂಡಗಳಿಗೂ ಒಂದು ದೋಷ ಕಾದಿರುತ್ತದೆ, ಬೈಕಿನಲ್ಲಿ ಏನೂ ಬದಲಾಗದಿದ್ದರೂ.

ಮೈಸೂರು ಸಮುದ್ರ ಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದೆ, ಮಂಡ್ಯ ಅದಕ್ಕಿಂತ ಸ್ವಲ್ಪ ಕೆಳಗೆ. ಇಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟಕ್ಕಿಂತ ಶೇಕಡ 8ರಿಂದ 9ರಷ್ಟು ಕಡಿಮೆ. ಕೊಯಮತ್ತೂರು ಸುಮಾರು 400 ಮೀಟರ್ ಎತ್ತರದಲ್ಲಿದೆ; ಇರುಂಗಾಟ್ಟುಕೋಟೈ ಸಮುದ್ರ ಮಟ್ಟಕ್ಕೆ ಬಹಳ ಹತ್ತಿರ. ಇಲ್ಲಿ ತಿಳಿ ಕಂದು ಪ್ಲಗ್ ತೋರಿಸಿದ ಬೈಕ್ ಅಲ್ಲಿನ ದಟ್ಟ ಗಾಳಿಯಲ್ಲಿ ಪೆಟ್ರೋಲ್ ಸಾಲದೆ ಕಾಯುತ್ತದೆ. ಚೆನ್ನೈನ ಸೆಖೆ ಗಾಳಿಯನ್ನು ಸ್ವಲ್ಪ ತೆಳುಗೊಳಿಸಿ ಈ ವ್ಯತ್ಯಾಸದ ಒಂದಂಶವನ್ನು ತಿಂದುಹಾಕುತ್ತದೆ, ಪೂರ್ತಿ ತಿನ್ನುವುದಿಲ್ಲ. ನೇರ ದಾರಿಯಲ್ಲಿ ಆಕ್ಸಿಲರೇಟರ್ ಬಹಳ ಹೊತ್ತು ಪೂರ್ತಿ ತೆರೆದಿರುವ ಟ್ರ್ಯಾಕ್‌ನಲ್ಲಿ ತೆಳು ಮಿಶ್ರಣ ಪಿಸ್ಟನ್ ಸುಡುತ್ತದೆ, ಎಂಜಿನ್ ಸೀಜ್ ಆಗುತ್ತದೆ.

ಈಗಿರುವ ಮೇನ್ ಜೆಟ್‌ನ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದುಕೊಂಡು, ಅದಕ್ಕಿಂತ ದೊಡ್ಡ ಅಳತೆಯ ಒಂದೆರಡು ಜೆಟ್, ಹೊಸ ಪ್ಲಗ್‌ಗಳನ್ನು ಜೊತೆಗೆ ಒಯ್ಯಿರಿ. ಮೊದಲ ಅಭ್ಯಾಸಕ್ಕೆ ದೊಡ್ಡ ಜೆಟ್ ಹಾಕಿ. ಎಂಜಿನ್ ಮಂದವಾಗಿ, ಪ್ಲಗ್ ಕಪ್ಪಾಗಿ ಬಂದರೆ ಒಂದು ಅಳತೆ ಕೆಳಗಿಳಿಸಿ, ಮತ್ತೆ ಪ್ಲಗ್ ನೋಡಿ. ಚಿಕ್ಕದರಿಂದ ಆರಂಭಿಸಿ ಮೇಲಕ್ಕೆ ಹೋಗಬೇಡಿ.